ಎಫ್ರಟದ ಹಾಡುಗಿತ್ತಿಯರು

ಹಾಡು ಕಲಿಯುವವರು ಹಾಲು ಕುಡಿಯಬಾರದು, ಬೆಣ್ಣೆ ಮುಟ್ಟಬಾರದು, ಮೊಟ್ಟೆ ತಿನ್ನಬಾರದು, ಜೇನುತುಪ್ಪವಂತೂ ಬೇಡವೇ ಬೇಡ! ಸುಮಾರು 280 ವರ್ಷಗಳ ಹಿಂದೆ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಒಬ್ಬ ಧರ್ಮಗುರು ಇಂಥ ಕಟ್ಟಳೆ ಮಾಡಿದ್ದ. ಜೇನು ಕಣ್ಣಿಗೆ ಹೊಳಪು ಕೊಡುತ್ತದೆ, ಮನಸ್ಸಿಗೆ ಉಲ್ಲಾಸ ಕೊಡುತ್ತದೆ, ಆದರೆ ದನಿಯನ್ನು ತಿಳಿಗೊಳಿಸುವುದಿಲ್ಲ ಎಂಬುದು ಅವನ ವಾದ. ನಮ್ಮ ಸಂಗೀತದ ಮೇಷ್ಟ್ರುಗಳೂ ಮೊಸರು ಬೇಡ, ತಣ್ಣೀರು ಬೇಡ ಎನ್ನುವುದುಂಟು. ಜೇನನ್ನು ದೂರಿದವರನ್ನು ಮಾತ್ರ ನಾನು ಕೇಳಿಲ್ಲ.

ಈ ಗುರುವಿನ ಹೆಸರು ಕಾನ್ರಾಡ್ ಬೈಸಲ್. 1691ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಕಸುಬಿನಿಂದ ಬೇಕರಿಯವನು. 1720ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದ. 1732ರಲ್ಲಿ ಕೊಕಾಲಿಕೊ ಎಂಬ ಹೊಳೆಯ ದಂಡೆಯಲ್ಲಿ ಒಬ್ಬನೇ ತಪಸ್ಸಿಗೆ ಕುಳಿತ. ಒಬ್ಬನೇ ಇರಲು ಜನ ಬಿಡಬೇಕಲ್ಲ! ಹಿಂದೆಯೇ ಬಂದವರೆಲ್ಲ ಸೇರಿ ಎಫ್ರಟ ಎಂಬ ಆಶ್ರಮವಾಯಿತು. ಬ್ರಹ್ಮಚಾರಿ ಸೋದರರಿಗೊಂದು ಮನೆ, ಸೋದರಿಯರಿಗೊಂದು ಮನೆ, ಸುತ್ತಲಿನ ಹೊಲಗಳಲ್ಲಿ ಸಂಸಾರಸ್ಥ ಭಕ್ತರು. ಏಳಿಗೆಯ ಕಾಲದಲ್ಲಿ ಎಲ್ಲರೂ ಸೇರಿ ಮುನ್ನೂರು ಮಂದಿಯಷ್ಟಿದ್ದರು.

ಅಲ್ಲಿಯ ಬದುಕು ಕಠಿಣ. ಮಲಗಲು ಒಂದಡಿ ಚಿಲ್ಲರೆ ಅಗಲದ ಮರದ ಹಲಗೆ, ತಲೆದಿಂಬಿಗೆ ಮರದ ತುಂಡು. ರಾತ್ರಿ ಒಂಬತ್ತಕ್ಕೆ ಮಲಗಿ, ಹನ್ನೆರಡಕ್ಕೆ ಎದ್ದು ಎರಡು ಗಂಟೆ ಪ್ರಾರ್ಥನೆ; ಕ್ರಿಸ್ತ ಬರುವುದಾದರೆ ನಡುರಾತ್ರಿಯೇ ಬರುತ್ತಾನೆಂಬ ನಂಬಿಕೆ. ಮತ್ತೆ ಐದರವರೆಗೆ ನಿದ್ದೆ. ದಿನಕ್ಕೆ ಒಂದು ಹೊತ್ತು ಊಟ, ಅದೂ ಸಸ್ಯಾಹಾರ.

ಇಂಥ ಕಡೆಗೆ ಹೆಂಗಸರು ಏಕೆ ಬಂದರು? ನನ್ನನ್ನು ಹೆಚ್ಚು ಕಾಡಿದ್ದು ಈ ಪ್ರಶ್ನೆಯೇ. ಕ್ರಿಸ್ಟೋಫರ್ ಸೌರ್ ಎಂಬ ಮುದ್ರಕನ ಹೆಂಡತಿ ಮರಿಯಾ ಕ್ರಿಸ್ಟಿನಾ, ಗಂಡನನ್ನೂ ಸಣ್ಣ ಮಗನನ್ನೂ ಬಿಟ್ಟು ಬಂದು 'ಸೋದರಿ ಮಾರ್ಸೆಲ್ಲಾ' ಆದಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಆಮೇಲೆ ಮನೆಗೆ ಮರಳಿದಳು. ಈ ನಡುವೆ 1739ರಲ್ಲಿ ಎಫ್ರಟದ ಹಾಡಿನ ಪುಸ್ತಕವನ್ನು ಅಚ್ಚುಹಾಕಿದವನು ಯಾರು ಅಂತೀರಿ? ಅದೇ ಸೌರ್! ಒಂದು ಹಾಡಿನಲ್ಲಿ ಬೈಸಲ್ ತನ್ನನ್ನೇ ಕ್ರಿಸ್ತನಂತೆ ಬಿಂಬಿಸಿಕೊಂಡಿದ್ದಾನೆಂದು ಅವನು ಜಗಳವನ್ನೂ ತೆಗೆದ. ಆ ಜಗಳದ ಹಿಂದೆ ಬರೀ ಧರ್ಮವಷ್ಟೇ ಇತ್ತೆಂದು ನನಗನ್ನಿಸುವುದಿಲ್ಲ.

ಹೆರಿಗೆಯ ಮೇಲೆ ಹೆರಿಗೆ, ಕಾಡು ಕಡಿದು ಮಾಡಿದ ಹೊಲದಲ್ಲಿ ದುಡಿತ. ಆ ಕಾಲದ ಹೆಣ್ಣಿಗೆ ಬೇರೆ ದಾರಿ ಕಡಿಮೆ. ಹಲಗೆಯ ಮೇಲೆ ಮಲಗಿದರೂ ಇಲ್ಲಿ ಅಕ್ಷರವಿತ್ತು, ಹಾಡಿತ್ತು. ಸೋದರಿಯರಿಗೆ ಅವರಲ್ಲೇ ಒಬ್ಬಳು, ಮರಿಯಾ ಐಖರ್, ಮುಖ್ಯಸ್ಥೆಯಾಗಿದ್ದಳು.

ಸಂಗೀತದ ಕಥೆಯೂ ಸ್ವಾರಸ್ಯವಾಗಿದೆ. ಬೈಸಲ್‌ಗೆ ಗೊತ್ತಿದ್ದದ್ದು ಹುಡುಗನಾಗಿದ್ದಾಗ ಕಲಿತ ಒಂದಿಷ್ಟು ಪಿಟೀಲು. ಮೊದಲು ಪಾಠ ಹೇಳಿದವನು ಲುಡ್ವಿಗ್ ಬ್ಲೂಮ್ ಎಂಬ ಬಲ್ಲವನು. ಸೋದರಿಯರು ಅವನಿಂದ ವಿದ್ಯೆಯನ್ನು ಕಲಿತು ತಂದು ಗುರುವಿಗೆ ಒಪ್ಪಿಸಿದರು. ಪಾಪ, ಬ್ಲೂಮ್ ಕೆಲಸ ಕಳೆದುಕೊಂಡ. ಬೈಸಲ್ ತನ್ನದೇ ಶಾಸ್ತ್ರ ಕಟ್ಟಿದ: ಕೆಲವು ಸ್ವರ ಒಡೆಯರು, ಉಳಿದವು ಆಳುಗಳು. ಮಾತಿನಲ್ಲಿ ಒತ್ತು ಬೀಳುವ ಕಡೆ ಒಡೆಯ ಸ್ವರ, ಒತ್ತಿಲ್ಲದ ಕಡೆ ಆಳು ಸ್ವರ. ತಾಳದ ಲೆಕ್ಕವಿಲ್ಲ, ಮಾತು ನಡೆದಂತೆ ರಾಗ. ಯುರೋಪಿನ ಪಂಡಿತರು ನಗಬಹುದಾದ ಶಾಸ್ತ್ರ. ಆದರೆ ಅದರಿಂದ ಹುಟ್ಟಿದ ನಾಲ್ಕು, ಐದು, ಏಳು ದನಿಗಳ ಗಾಯನವನ್ನು ಕೇಳಿದವರು ಬೆರಗಾದರು. ಬಾಯಿ ಅಷ್ಟಾಗಿ ತೆರೆಯದೆ, ಮೆಲುವಾಗಿ ಹಾಡುತ್ತಿದ್ದರಂತೆ. ಮೇಲಿನ ದನಿಗಳೆಲ್ಲ ಹೆಂಗಸರವು. ಗಂಡಸರಿಗೆ ಹೆಚ್ಚಾಗಿ ಉಳಿದದ್ದು ಮಂದ್ರ.

ಬೈಸಲ್‌ನ ಧಾರ್ಮಿಕ ಹೆಸರು ಫ್ರೀಡ್‌ಸಾಮ್, ಎಂದರೆ ಶಾಂತಸ್ವಭಾವಿ. ಆದರೆ ಪಾಠಕ್ಕೆ ಕುಳಿತರೆ ಗಂಟೆಗಟ್ಟಲೆ ಬೈಗುಳ, ಕಲಿಯುವವರ ಕಣ್ಣೀರು. ಒಮ್ಮೆ ಸೋದರಿಯರೆಲ್ಲ ಒಟ್ಟಾಗಿ ಇನ್ನು ಈತನ ಸಹವಾಸವೇ ಬೇಡವೆಂದು ತೀರ್ಮಾನಿಸಿದ್ದರು. ಆಮೇಲೆ ರಾಜಿಯಾಯಿತು.

ಇತ್ತ ಆಶ್ರಮದ ಇನ್ನೊಂದು ಮಗ್ಗುಲಲ್ಲಿ ವ್ಯಾಪಾರ ಬೆಳೆಯುತ್ತಿತ್ತು. ಇಸ್ರೇಲ್ ಎಕರ್ಲಿನ್ ಎಂಬಾತ ಸೋದರರ ಮುಖ್ಯಸ್ಥ, ಬಲು ವ್ಯವಹಾರಸ್ಥ. ಹಿಟ್ಟಿನ ಗಿರಣಿ, ಮರ ಕೊಯ್ಯುವ ಗಿರಣಿ, ಎಣ್ಣೆ ಗಿರಣಿ, ಕಾಗದದ ಗಿರಣಿ, ಉಣ್ಣೆಬಟ್ಟೆ ಹದಮಾಡುವ ಗಿರಣಿ ಎಲ್ಲವೂ ನಡೆದವು. ಸರಕು ಫಿಲಡೆಲ್ಫಿಯಕ್ಕೂ ಹೋಗುತ್ತಿತ್ತು. ಲೋಕ ಬಿಟ್ಟು ಬಂದವರ ಮನೆ ಬಾಗಿಲಿಗೇ ಲೋಕ ಗಾಡಿ ಕಟ್ಟಿಕೊಂಡು ಬಂದಿತು. ಎಕರ್ಲಿನ್ ಯುರೋಪಿನಿಂದ ಒಂದು ದೊಡ್ಡ ಗಂಟೆಯನ್ನೂ ತರಿಸಿದ, ಅದರ ಮೇಲೆ ಅವನದೇ ಹೆಸರು! ಬೈಸಲ್‌ಗೆ ಸಹಿಸಲಾಗಲಿಲ್ಲ. 1745ರಲ್ಲಿ ಎಕರ್ಲಿನ್ ಆಶ್ರಮ ಬಿಟ್ಟ. ಅವನ ಬರಹಗಳನ್ನು ಸುಟ್ಟರು, ಹಣ್ಣಿನ ಮರಗಳನ್ನು ಕಿತ್ತರು, ಗಂಟೆ ಲ್ಯಾಂಕಾಸ್ಟರಿನ ಚರ್ಚೊಂದಕ್ಕೆ ಹೋಯಿತು. 1747ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಗಿರಣಿಗಳು ಸುಟ್ಟವು. ಧರ್ಮವೋ ಲಾಭವೋ ಎಂಬ ಜಗಳದಲ್ಲಿ ಮರಗಳ ತಪ್ಪೇನಿತ್ತೋ!

ಉಳಿದದ್ದು ಮುದ್ರಣ. ಮೆನೊನೈಟ್ ಪಂಥದವರು ಕೇಳಿಕೊಂಡಂತೆ 'ಹುತಾತ್ಮರ ಕನ್ನಡಿ'ಯನ್ನು ಪೀಟರ್ ಮಿಲ್ಲರ್ ಡಚ್ಚಿನಿಂದ ಜರ್ಮನ್‌ಗೆ ತಂದ. ಹದಿನೈದು ಮಂದಿ ಮೂರು ವರ್ಷ ದುಡಿದು, 1749ರ ಹೊತ್ತಿಗೆ 1,500 ಪುಟ ಮೀರಿದ ಆ ಪುಸ್ತಕದ 1,300 ಪ್ರತಿಗಳನ್ನು ಮುಗಿಸಿದರು. ಬ್ರಿಟಿಷ್ ಕಾಲದ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಪುಸ್ತಕ ಅಚ್ಚಾಗಲಿಲ್ಲ. ಯುದ್ಧ ಬೇಡವೆಂದು ಪ್ರಾಣ ಕೊಟ್ಟವರ ಕಥೆಗಳೂ ಅದರಲ್ಲಿವೆ. ಸ್ವಾತಂತ್ರ್ಯ ಯುದ್ಧದಲ್ಲಿ ಸೈನಿಕರು ಬಂದು, ಮಾರಾಟವಾಗದೆ ಉಳಿದ ಹಾಳೆಗಳನ್ನು ಬಂದೂಕಿನ ತೋಟಾ ಸುತ್ತಲು ಒಯ್ದರು.

ಸೋದರಿಯರ ಮನೆಯಲ್ಲಿ ನೂಲುವುದು, ಬುಟ್ಟಿ ಹೆಣೆಯುವುದರ ಜೊತೆಗೆ ಬರೆಯುವ ಕೋಣೆಯಿತ್ತು. ಬಾತುಗರಿಯ ಲೇಖನಿ ಹಿಡಿದು, ಹೂಬಳ್ಳಿ ಬಿಡಿಸಿ ಹಾಡುಗಳನ್ನು ನಕಲು ಮಾಡುತ್ತಿದ್ದರು. ಆನಸ್ತಾಸಿಯಾ ಎಂಬ ಸೋದರಿ ಇದರಲ್ಲಿ ಹೆಸರಾಂತಳು. 1746ರಲ್ಲಿ ಹೀಗೆ ಬರೆದು ಗುರುವಿಗೆ ಅರ್ಪಿಸಿದ ದಪ್ಪ ಹೊತ್ತಗೆ ಬೆಂಜಮಿನ್ ಫ್ರಾಂಕ್ಲಿನ್‌ನ ಕೈಯಲ್ಲೂ ಇದ್ದು, ಕೊನೆಗೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಎಫ್ರಟದ ಸಂಗೀತವೆಂದರೆ ಬೈಸಲ್‌ನದೇ ಎಂದು ಎಲ್ಲರೂ ಬರೆದರು. ಸಾವಿರಕ್ಕೂ ಹೆಚ್ಚು ಹಾಡುಗಳು ಅವನ ಲೆಕ್ಕಕ್ಕೇ ಹೋದವು. ಆದರೆ ಹೊತ್ತಗೆಯಲ್ಲಿ ಕೆಲವು ಹಾಡುಗಳ ಪಕ್ಕದಲ್ಲಿ ಸಣ್ಣಗೆ ಹೆಸರುಗಳಿದ್ದವು: ಫೋಬೆನ್, ಕೆತೂರಾ, ಹನ್ನಾ. ಮೂವರೂ ಸೋದರಿಯರು. ಅಮೆರಿಕದಲ್ಲಿ ಗೊತ್ತಿರುವ ಮೊಟ್ಟಮೊದಲ ಸ್ತ್ರೀ ಸಂಗೀತಕಾರರು ಇವರೇ ಇರಬಹುದೆಂದು ಕ್ರಿಸ್ಟೋಫರ್ ಹರ್ಬರ್ಟ್ ಎಂಬ ಗಾಯಕ–ಸಂಶೋಧಕ ಗುರುತಿಸಿದ್ದಾರೆ. ಶಾಲೆಯಲ್ಲಿ ಇತಿಹಾಸ ಹೇಳುವ ನನಗೆ ಗುರುಗಳ, ದೊರೆಗಳ ಹೆಸರು ಬಾಯಿಪಾಠ. ಪಕ್ಕದ ಅಂಚಿನಲ್ಲಿ ಬರೆದದ್ದನ್ನು ಓದುವವರು ಎಷ್ಟು ಮಂದಿ?

ಬೈಸಲ್ 1768ರಲ್ಲಿ ತೀರಿಕೊಂಡ. ಬ್ರಹ್ಮಚಾರಿ ಸದಸ್ಯರಲ್ಲಿ ಕೊನೆಯವರು 1813ರಲ್ಲಿ ಹೋದರು. 1941ರಲ್ಲಿ ಪೆನ್ಸಿಲ್ವೇನಿಯ ಸರ್ಕಾರ ಕಟ್ಟಡಗಳನ್ನು ವಹಿಸಿಕೊಂಡಿತು. ತಲೆ ಬಗ್ಗಿಸಿ ಹೋಗಬೇಕಾದ ಗಿಡ್ಡ ಬಾಗಿಲುಗಳ ಸೋದರಿಯರ ಮನೆ, ಅದಕ್ಕಂಟಿದ ಪ್ರಾರ್ಥನಾಮಂದಿರ ಇನ್ನೂ ನಿಂತಿವೆ. ಆ ಪ್ರಾರ್ಥನಾಮಂದಿರದಲ್ಲೇ ಹರ್ಬರ್ಟ್ ಮತ್ತು ಸಂಗಡಿಗರು ಈ ಹಾಡುಗಳನ್ನು ಹಾಡಿ ಧ್ವನಿಮುದ್ರಿಸಿದರು. 2020ರಲ್ಲಿ ಹೊರಬಂದ ಆ ಮುದ್ರಿಕೆಯಲ್ಲಿ ಸೋದರಿಯರ ಹೆಸರುಗಳೂ ಇವೆ.