ಹೆಬ್ಬೆಟ್ಟಿನ ಲಾಗಿನ್

ಬೀದರಿನ ಮನೆಯಲ್ಲಿ ಹಳೇ ಲ್ಯಾಪ್‌ಟಾಪಿಗೆ ಬೆರಳಗುರುತಿನ ಲಾಗಿನ್ ಹಾಕುತ್ತಿದ್ದೆ. ಔರಾದಿನಿಂದ ಬಂದಿದ್ದ ಮುತ್ಯಾ ನಕ್ಕ: "ಹೆಬ್ಬಟ್ಟು ಒತ್ತೋದು ನಮ್ಮಂಥೋರ ಕೆಲ್ಸ, ನೀ ಇಂಜಿನಿಯರಾಗಿ ಇದೇ ಮಾಡ್ತಿ?"

ಇತಿಹಾಸ ನೋಡಿದರೆ ಮುತ್ಯಾನ ಮಾತೇ ಸರಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಗುತ್ತಿಗೆದಾರನೊಬ್ಬನ ಅಂಗೈ ಅಚ್ಚು ಪಡೆದದ್ದು, ಆತ ಕರಾರಿಗೆ ತಪ್ಪದಿರಲೆಂದು. ಐಬಿಎಂ ಥಿಂಕ್‌ಪ್ಯಾಡ್ ಟಿ42ಕ್ಕೆ ಬೆರಳು ಓದುವ ರೀಡರ್ ಬಂದದ್ದು 2004ರಲ್ಲಿ. ಅದಕ್ಕೂ ಮುಂಚೆಯೇ 'ಭೂಮಿ' ಯೋಜನೆ ಔರಾದ್, ಭಾಲ್ಕಿ ಸೇರಿ ಕರ್ನಾಟಕದ 177 ತಾಲ್ಲೂಕು ಕಚೇರಿಗಳಿಗೆ ಬಂದಿತ್ತು! ಪಹಣಿ ತಿದ್ದುವ ಅಧಿಕಾರಿ ಪಾಸ್‌ವರ್ಡ್ ಬದಲು ಬೆರಳಿಟ್ಟೇ ಲಾಗಿನ್ ಆಗಬೇಕಿತ್ತು. ಆಮೇಲೆ 'ನಾನಲ್ಲ' ಅನ್ನುವಂತಿರಲಿಲ್ಲ. ರೈತರದಾಯಿತು, ಸಾಹೇಬರ ಸರದಿ (ನನಗೆ ಇಷ್ಟವಾದದ್ದು ಇದೇ).

ಮುತ್ಯಾನ ಬೆರಳೂ ಇಟ್ಟು ನೋಡಿದೆ. ಹೊಲದ ಕೆಲಸದಲ್ಲಿ ಗೆರೆ ಸವೆದಿದೆ. ರೀಡರ್ ಮೂರು ಸಲವೂ ಒಪ್ಪಲಿಲ್ಲ.