ಚಳಿಗೆ ಗಾಡಿಯ ಮುಂದಿನ ಗ್ಲಾಸ್ ಬಿರುಕು: ಕ್ಲೇಮ್ ಹಾಕೋ ಮುಂಚೆ ಈ ಲೆಕ್ಕ ನೋಡಿ

ಚಿಕ್ಕಮಗಳೂರು: ಕಾಫಿ ಕೊಯ್ಲಿನ ಸಮಯ ಅಂದರೆ ಮಲೆನಾಡಲ್ಲಿ ಚಳಿಯ ಸಮಯವೂ ಹೌದು. ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಕಾರು, ಪಿಕಪ್‌ಗಳ ಗ್ಲಾಸ್ ಮೇಲೆ ಬೆಳಗ್ಗೆ ಇಬ್ಬನಿ ಸುರಿದಿರುತ್ತದೆ. ಹೊರಡುವ ಅವಸರದಲ್ಲಿ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು ಸುರಿಯುವುದು ಹಲವರ ರೂಢಿ. ಆಗ ‘ಟಕ್’ ಅಂತ ಒಂದು ಸದ್ದು, ಗ್ಲಾಸ್ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ. ‘ಇನ್ಶೂರೆನ್ಸ್ ಇದೆಯಲ್ಲ, ಹಾಕಿಸಿದ್ರಾಯ್ತು’ ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ಇನ್ಶೂರೆನ್ಸ್ ಕ್ಲೇಮ್ ಮಾಡಿದರೇ ಹೆಚ್ಚು ನಷ್ಟ.

ಚಳಿಗೆ ಗ್ಲಾಸ್ ಯಾಕೆ ಒಡೆಯುತ್ತೆ?

ನಮ್ಮ ಕಡೆಯ ಚಳಿಯೊಂದೇ ಗಟ್ಟಿ ಗ್ಲಾಸ್ ಅನ್ನು ಒಡೆಯುವಷ್ಟು ದೊಡ್ಡದಲ್ಲ. ಮೂಲ ಕಾರಣ ಸಾಮಾನ್ಯವಾಗಿ ಹಳೆಯ ಕಲ್ಲೇಟು. ಘಾಟಿ ರಸ್ತೆಯಲ್ಲಿ, ಜಲ್ಲಿ ತುಂಬಿದ ಟಿಪ್ಪರ್ ಹಿಂದೆ, ಡಾಂಬರು ಕಿತ್ತ ಕಡೆ ಸಣ್ಣ ಕಲ್ಲು ಹಾರಿ ಬಂದು ಬಡಿಯುತ್ತದೆ. ಕಡಲೆಕಾಳಿನಷ್ಟು ಚುಕ್ಕೆ ಬೀಳುತ್ತದೆ. ಕಾಣಿಸೋದೇ ಇಲ್ಲ ಅಂತ ಬಿಟ್ಟಿರುತ್ತಾರೆ.

ಗಾಜು ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ರಾತ್ರಿಯಿಡೀ ತಣ್ಣಗಾದ ಗ್ಲಾಸ್ ಮೇಲೆ ಬಿಸಿನೀರು ಬಿದ್ದರೆ ಹೊರಪದರ ಒಮ್ಮೆಲೇ ಹಿಗ್ಗುತ್ತದೆ, ಒಳಗಿನದು ತಣ್ಣಗೇ ಇರುತ್ತದೆ. ಹೀಟರ್ ಪೂರ್ತಿ ತಿರುಗಿಸಿ ಬಿಸಿಗಾಳಿ ಬಿಟ್ಟರೆ ಒಳಗಿನಿಂದ ಅದೇ ಕಥೆ. ಆ ಎಳೆತವೆಲ್ಲ ಕಲ್ಲೇಟು ಬಿದ್ದ ಜಾಗದಲ್ಲೇ ಸೇರುತ್ತದೆ. ಅಲ್ಲಿಂದಲೇ ಗೆರೆ ಓಡುತ್ತದೆ. ಗ್ಯಾರೇಜ್‌ನವರು ‘ಏರ್ ಕ್ರ್ಯಾಕ್’ ಅನ್ನುವುದು ಇದಕ್ಕೇ.

ಮುಂದಿನ ಗ್ಲಾಸ್ ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟರೂ ಪುಡಿಯಾಗಿ ಮೈಮೇಲೆ ಬೀಳುವುದಿಲ್ಲ. ಪಕ್ಕದ ಗ್ಲಾಸ್‌ಗಳು ಸಾಮಾನ್ಯವಾಗಿ ಟಫನ್ಡ್, ಅವು ಒಡೆದರೆ ಚೂರುಚೂರು.

ಚುಕ್ಕೆ ಇದ್ದಾಗಲೇ ಸರಿ ಮಾಡಿಸಿ

ಚುಕ್ಕೆ ಸಣ್ಣದಿದ್ದರೆ, ಅಂಚಿನಲ್ಲಿ ಇಲ್ಲದಿದ್ದರೆ, ಡ್ರೈವರ್ ಕಣ್ಣಿನ ನೇರಕ್ಕೆ ಬಾರದಿದ್ದರೆ ಗ್ಲಾಸ್ ಬದಲಿಸಬೇಕಿಲ್ಲ. ಚುಕ್ಕೆಯೊಳಗೆ ರೆಸಿನ್ ಅನ್ನುವ ಅಂಟು ತುಂಬಿಸಿ, ಯುವಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಗುರುತು ಸ್ವಲ್ಪ ಉಳಿಯಬಹುದು, ಬಿರುಕು ಮುಂದೆ ಓಡೋದು ನಿಲ್ಲುತ್ತೆ. ಹೊಸ ಗ್ಲಾಸ್‌ನ ಖರ್ಚಿಗೆ ಹೋಲಿಸಿದರೆ ಇದು ಸಣ್ಣ ಮೊತ್ತ. ಕೆಲಸ ಮಾಡಿಸುವವರೆಗೆ ಚುಕ್ಕೆಯ ಮೇಲೆ ಪಾರದರ್ಶಕ ಟೇಪ್ ಅಂಟಿಸಿದರೆ ಧೂಳು, ನೀರು ಒಳಗೆ ಇಳಿಯುವುದಿಲ್ಲ. ಗೆರೆ ಉದ್ದ ಓಡಿದ ಮೇಲೆ, ಅಥವಾ ಅಂಚು ಮುಟ್ಟಿದ ಮೇಲೆ, ಬದಲಿಸುವುದೊಂದೇ ದಾರಿ.

ಇನ್ಶೂರೆನ್ಸ್ ಯಾವುದಿದೆ, ಮೊದಲು ನೋಡಿ

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಗ್ಲಾಸ್‌ಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಇಲ್ಲಿ ಹಲವರು ಮೋಸ ಹೋಗುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರು ಕೊಳ್ಳುವಾಗ 3 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಅದರ ಜೊತೆಗಿರುವ ಓನ್ ಡ್ಯಾಮೇಜ್ ಭಾಗ ಹೆಚ್ಚಿನ ಪಾಲಿಸಿಗಳಲ್ಲಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ‘ಮೂರು ವರ್ಷ ಇನ್ಶೂರೆನ್ಸ್ ಇದೆ’ ಅಂತ ಸುಮ್ಮನಿದ್ದವರಿಗೆ ಗ್ಲಾಸ್ ಒಡೆದಾಗಲೇ ವಿಷಯ ಗೊತ್ತಾಗೋದು.

ಓನ್ ಡ್ಯಾಮೇಜ್ ಇದ್ದರೆ ಗಾಜಿನ ಭಾಗಕ್ಕೆ ಸವಕಳಿ ಕಡಿತ ಇಲ್ಲ. ಬಂಪರ್ ಟು ಬಂಪರ್ ಪಾಲಿಸಿ ಇಲ್ಲದಿದ್ದರೂ ಗ್ಲಾಸ್ ಬೆಲೆ ಸಿಗುತ್ತದೆ. ರಬ್ಬರ್ ಬೀಡಿಂಗ್‌ಗೆ ಮಾತ್ರ ಶೇ 50 ಕಡಿತ. ಅಂಟು, ಕ್ಲಿಪ್‌ಗಳಿಗೆ ಕೆಲವು ಕಂಪನಿಗಳು ಕೊಡುವುದಿಲ್ಲ. ಇದರ ಜೊತೆಗೆ ಪ್ರತಿ ಕ್ಲೇಮ್‌ನಲ್ಲೂ ಮಾಲೀಕರು ಭರಿಸಲೇಬೇಕಾದ ಮೊತ್ತ ಇದೆ: 1500 ಸಿಸಿವರೆಗಿನ ಸ್ವಂತ ಕಾರಿಗೆ 1,000 ರೂ., ಅದಕ್ಕಿಂತ ದೊಡ್ಡದಕ್ಕೆ 2,000 ರೂ. ಗೂಡ್ಸ್ ಗಾಡಿಗಳ ಲೆಕ್ಕ ಬೇರೆ, ಪಾಲಿಸಿಯಲ್ಲೇ ನೋಡಿಕೊಳ್ಳಬೇಕು.

ನಿಜವಾದ ಲೆಕ್ಕ: ನೋ ಕ್ಲೇಮ್ ಬೋನಸ್

ಕ್ಲೇಮ್ ಮಾಡದ ಪ್ರತಿ ವರ್ಷಕ್ಕೂ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ರಿಯಾಯಿತಿ ಏರುತ್ತಾ ಹೋಗುತ್ತದೆ: ಶೇ 20, 25, 35, 45, ಕೊನೆಗೆ 50. ಒಂದೇ ಒಂದು ಕ್ಲೇಮ್ ಹಾಕಿದರೂ, ಗ್ಲಾಸ್‌ದೇ ಆಗಲಿ, ಸಾಮಾನ್ಯವಾಗಿ ಅದು ಸೊನ್ನೆಗೆ ಇಳಿಯುತ್ತದೆ.

ಒಂದು ಉದಾಹರಣೆ. ರಿಯಾಯಿತಿಗೆ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ 6,000 ರೂ., ಬೋನಸ್ ಶೇ 50, ಗ್ಲಾಸ್ ಬಿಲ್ 7,000 ರೂ. ಅಂತ ಇಟ್ಟುಕೊಳ್ಳೋಣ. ಸಣ್ಣ ಕಾರಾದರೆ ಕ್ಲೇಮ್‌ನಿಂದ ಹೆಚ್ಚೆಂದರೆ 6,000 ರೂ. ಸಿಗುತ್ತದೆ. ಬೋನಸ್ ಮತ್ತೆ ಶೇ 50ಕ್ಕೆ ಏರುವವರೆಗೆ ಪ್ರತಿ ವರ್ಷ ಹೆಚ್ಚಾಗಿ ಕಟ್ಟಬೇಕಾದ್ದು ಹೀಗೆ: 3,000, 1,800, 1,500, 900, 300. ಒಟ್ಟು 7,500 ರೂ. ಜಿಎಸ್‌ಟಿ ಬೇರೆ. ಅಂದರೆ ಕೈಯಿಂದಲೇ ಕೊಟ್ಟು ಗ್ಲಾಸ್ ಹಾಕಿಸಿದ್ದರೆ ಲಾಭ ಇತ್ತು.

ಅದೇ ಕಾರು ಹೊಸದಾಗಿದ್ದು, ಮೊದಲ ವರ್ಷದಲ್ಲೇ ಗ್ಲಾಸ್ ಹೋದರೆ ಇದೇ ಲೆಕ್ಕದಲ್ಲಿ ಒಟ್ಟು ನಷ್ಟ ಸುಮಾರು 3,000 ರೂ. ಮಾತ್ರ. ಆಗ ಕ್ಲೇಮ್ ಮಾಡೋದೇ ವಾಸಿ. ಕ್ಯಾಮೆರಾ, ಸೆನ್ಸರ್ ಇರುವ ಕಾರಿನ ಗ್ಲಾಸ್ ದುಬಾರಿ. ಅಲ್ಲೂ ಹೆಚ್ಚಾಗಿ ಕ್ಲೇಮ್ ಕಡೆಯೇ ತಕ್ಕಡಿ ವಾಲುತ್ತದೆ. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಇದು ಅಂದಾಜು ಲೆಕ್ಕ. ‘ಎನ್‌ಸಿಬಿ ಪ್ರೊಟೆಕ್ಟ್’ ಹಾಕಿಸಿದ್ದರೆ, ಅದರ ಷರತ್ತಿನ ಮಿತಿಯಲ್ಲಿ ಬೋನಸ್ ಉಳಿಯುತ್ತದೆ. ರೆಸಿನ್ ರಿಪೇರಿಯನ್ನು ಕ್ಲೇಮ್ ಅಂತ ಎಣಿಸ್ತೀರಾ ಎಂದು ಕಂಪನಿಯನ್ನು ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳುವುದು ಒಳ್ಳೆಯದು.

ಕ್ಲೇಮ್ ಮಾಡುವುದೇ ಆದರೆ

* ಗ್ಲಾಸ್ ಬಿಚ್ಚಿಸುವ ಮೊದಲೇ ಕಂಪನಿಗೆ ತಿಳಿಸಿ. ಗಾಡಿ ನಂಬರ್ ಕಾಣುವಂತೆ ಒಂದು ಫೋಟೋ, ಬಿರುಕಿನದು ಹತ್ತಿರದಿಂದ ಒಂದು ಫೋಟೋ ಇರಲಿ. ಬದಲಿಸಿದ ಮೇಲೆ ಹೇಳಿದರೆ ತಕರಾರು ಖಚಿತ.
* ಆರ್‌ಸಿ, ಡಿಎಲ್, ಪಾಲಿಸಿ ಪ್ರತಿ ಸಿದ್ಧ ಇಟ್ಟುಕೊಳ್ಳಿ.
* ನಡೆದದ್ದನ್ನು ನಡೆದ ಹಾಗೇ ಹೇಳಿ. ಕಲ್ಲು ಬಡಿದದ್ದು ಹೊರಗಿನಿಂದಾದ ಅಪಘಾತ, ಪಾಲಿಸಿಯೊಳಗೆ ಬರುತ್ತದೆ. ಹಳೆಯ ಬಿರುಕು, ಬಿಸಿನೀರು ಸುರಿದದ್ದು ಎಂದರೆ ಕಂಪನಿ ಪ್ರಶ್ನೆ ಎತ್ತಬಹುದು. ಹಾಗಂತ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ.
* ಯಾರಾದರೂ ಬೇಕಂತ ಕಲ್ಲೆಸೆದು ಒಡೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.
* ನಗದುರಹಿತ ಸೌಲಭ್ಯ ಕಂಪನಿಯ ಒಪ್ಪಂದ ಇರುವ ಗ್ಯಾರೇಜ್‌ನಲ್ಲಿ ಸುಲಭ. ಬೇರೆ ಕಡೆ ಮಾಡಿಸಿದರೆ ಮೊದಲು ದುಡ್ಡು ಕೊಟ್ಟು, ಜಿಎಸ್‌ಟಿ ಬಿಲ್ ಕೊಟ್ಟು ವಾಪಸ್ ಪಡೆಯಬೇಕಾಗಬಹುದು.

ಹೊಸ ಗ್ಲಾಸ್ ಹಾಕಿಸುವಾಗ

ಗ್ಲಾಸ್‌ನ ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ಐಎಸ್ 2553 ಸಂಖ್ಯೆ ಇದೆಯಾ ನೋಡಿ. ಅಂಟು ಒಣಗುವವರೆಗೆ, ಅಂದರೆ ಗ್ಯಾರೇಜ್‌ನವರು ಹೇಳಿದಷ್ಟು ಹೊತ್ತು, ಗಾಡಿ ಓಡಿಸಬೇಡಿ. ಹಳೆಯ ಗ್ಲಾಸ್‌ನ ಫಾಸ್ಟ್ಯಾಗ್ ಕಿತ್ತರೆ ಹಾಳಾಗುತ್ತದೆ. ಕೊಟ್ಟ ಬ್ಯಾಂಕ್‌ನಿಂದ ಬದಲಿ ಟ್ಯಾಗ್ ಕೇಳಬೇಕು, ಇಲ್ದಿದ್ರೆ ಟೋಲ್‌ನಲ್ಲಿ ತೊಂದರೆ. ಗ್ಲಾಸ್‌ನಲ್ಲಿ ಕ್ಯಾಮೆರಾ ಇದ್ದರೆ ಅದನ್ನು ಮತ್ತೆ ಹೊಂದಿಸಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ.

ಹಳದಿ ಬೋರ್ಡ್ ಗಾಡಿಗಳವರು ಎಫ್‌ಸಿ ದಿನ ಹತ್ತಿರ ಬರುವವರೆಗೆ ಕಾಯುವುದು ಬೇಡ. ಬಿರುಕು ಗ್ಲಾಸ್ ಇಟ್ಟುಕೊಂಡು ಹೋಗಿ ವಾಪಸ್ ಬಂದರೆ ಒಂದು ದಿನದ ಬಾಡಿಗೆಯೂ ಹೋಯಿತು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಎದುರು ಬರುವ ಗಾಡಿಯ ಹೆಡ್‌ಲೈಟ್ ಬೆಳಕು ಬಿರುಕಿನ ಮೇಲೆ ಬಿದ್ದು ಚದುರಿದರೆ ತಿರುವು ಕಾಣುವುದಿಲ್ಲ. ಅದು ದುಡ್ಡಿಗಿಂತ ದೊಡ್ಡ ವಿಷಯ.

ಬೆಳಗ್ಗೆ ಇಷ್ಟು ಮಾಡಿದರೆ ಸಾಕು

ಇಬ್ಬನಿಯನ್ನು ಬಟ್ಟೆಯಿಂದ ಒರೆಸಿ, ಬೇಕಿದ್ದರೆ ನಲ್ಲಿ ನೀರು ಸಾಕು. ಹೀಟರ್ ಅನ್ನು ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಒಳಗೆ ಮಬ್ಬು ಕಟ್ಟಿದರೆ ಎಸಿ ಹಾಕಿ ಗಾಳಿಯನ್ನು ಗ್ಲಾಸ್ ಕಡೆ ತಿರುಗಿಸಿದರೆ ಬೇಗ ಬಿಡುತ್ತದೆ. ರಾತ್ರಿ ಶೆಡ್ ಇಲ್ಲದಿದ್ದರೆ ಗ್ಲಾಸ್ ಮೇಲೆ ಒಂದು ದಪ್ಪ ಬಟ್ಟೆ ಹೊದಿಸಿ. ಹಂಡೆಯ ಬಿಸಿನೀರು ಸ್ನಾನಕ್ಕೇ ಇರಲಿ.