ನಿರ್ವಾತದ ಊಳಿಗ

1960ರ ದಶಕದ ದೊಡ್ಡ ಅಮೆರಿಕನ್ ಮೋಟಾರುಗಳನ್ನು ಜತನದಿಂದ ಕಾಪಾಡಿಕೊಂಡು ಬಂದವರಲ್ಲಿ ಒಂದು ದೂರು ಸಾಮಾನ್ಯ. ಸಮನೆಲದಲ್ಲಿ ಓಡುವಾಗ ಡ್ಯಾಶ್‌ಬೋರ್ಡಿನ ಕಂಡಿಗಳಿಂದ ತಂಪುಗಾಳಿ ಮುಖಕ್ಕೆ ಹಿತವಾಗಿ ಬೀಸುತ್ತಿರುತ್ತದೆ. ಏರು ಬಂದು ಆಕ್ಸಿಲರೇಟರನ್ನು ಒತ್ತಿ ಹಿಡಿದರೆ ಸಾಕು, ಆ ಗಾಳಿ ಮಾಯವಾಗಿ ಎದುರುಗಾಜಿನ ಬುಡದಿಂದ ಮೇಲಕ್ಕೆ ಹೊರಡುತ್ತದೆ. ಏರು ಮುಗಿಯಿತೋ, ಮತ್ತೆ ಮುಖಕ್ಕೆ! ಯಾವ ಗುಂಡಿಯನ್ನೂ ಯಾರೂ ಮುಟ್ಟಿರುವುದಿಲ್ಲ. ವಿದ್ಯುತ್ತಿನ ತಂತಿಗಳನ್ನೆಲ್ಲ ಶೋಧಿಸಿದರೂ ತಪ್ಪು ಸಿಕ್ಕದು. ಏಕೆಂದರೆ ಆ ಕೆಲಸವನ್ನು ಮಾಡುತ್ತಿದ್ದುದು ವಿದ್ಯುತ್ತಲ್ಲ, ನಿರ್ವಾತ. ಇಲ್ಲದ ಗಾಳಿಯು ಇರುವ ಗಾಳಿಗೆ ದಾರಿ ತೋರಿಸುತ್ತಿತ್ತು ಎಂದರೆ ಒಗಟಿನಂತೆ ಕೇಳಿಸೀತು.

ಒಗಟನ್ನು ಒಡೆಯುವುದು ಕಷ್ಟವಲ್ಲ. ಪೆಟ್ರೋಲ್ ಇಂಜಿನು ಉಸಿರೆಳೆದುಕೊಳ್ಳುವ ಯಂತ್ರ. ಪಿಸ್ಟನ್ ಕೆಳಗಿಳಿದಾಗ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಥ್ರಾಟಲ್ ಎಂಬ ಕದ ಮುಚ್ಚಿಕೊಂಡಿದ್ದಷ್ಟೂ ಗಾಳಿ ಸಾಲದೆ, ಅದರ ಹಿಂದಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕುಸಿಯುತ್ತದೆ. ಆರೋಗ್ಯವಾಗಿರುವ ಇಂಜಿನು ಸಮುದ್ರಮಟ್ಟದ ಊರಿನಲ್ಲಿ, ನಿಂತಲ್ಲಿಯೇ ಮೆಲ್ಲಗೆ ತಿರುಗುತ್ತಿದ್ದರೆ, ಈ ಕೊರತೆ 17ರಿಂದ 21 ಅಂಗುಲ ಪಾದರಸದಷ್ಟಿರುತ್ತದೆ. ಏರಿನಲ್ಲಿ ಥ್ರಾಟಲನ್ನು ಪೂರ್ತಿ ತೆರೆದಾಗ ಹೆಚ್ಚುಕಡಿಮೆ ಸೊನ್ನೆ. ವಾಸ್ತವವಾಗಿ ಇದನ್ನು ನಿರ್ವಾತವೆನ್ನುವುದಕ್ಕಿಂತ ಅರೆನಿರ್ವಾತವೆನ್ನುವುದೇ ಸರಿ. ಆದರೆ ಗ್ಯಾರೇಜಿನವರು ಒಂದೇ ಮಾತಿನಲ್ಲಿ ‘ವ್ಯಾಕ್ಯೂಂ’ ಎಂದು ಮುಗಿಸಿಬಿಡುತ್ತಾರೆ. ನಮಗೂ ಅಷ್ಟು ಸಡಿಲ ಸಾಕು.

ಇಂಥ ನಿರ್ವಾತವನ್ನು ಊಳಿಗಕ್ಕೆ ಹಚ್ಚಿದವರಲ್ಲಿ ಮೋಟಾರಿನವರು ಮೊದಲಿಗರಲ್ಲ. ಅವರಿಗಿಂತ ಮುಂಚೆ ರೈಲಿನವರಿದ್ದರು. ಅವರು ಇದರ ಪಾಠವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತರು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಎಂಬ ಊರಿನಿಂದ ಭಾನುವಾರದ ಶಾಲೆಯ ಮಕ್ಕಳನ್ನು ತುಂಬಿಕೊಂಡು ವಿಹಾರದ ರೈಲೊಂದು ಹೊರಟಿತು. ಗಾಡಿಗಳಿಗೆ ನಿರ್ವಾತದ ಬ್ರೇಕು ಇತ್ತು. ಆದರೆ ಅದು ನಿರ್ವಾತ ಇದ್ದಾಗ ಮಾತ್ರ ಚಕ್ರವನ್ನು ಹಿಡಿಯುವ ಬಗೆಯದು. ಕಡಿದಾದ ಏರಿನಲ್ಲಿ ಇಂಜಿನು ಸೋತು ನಿಂತಾಗ, ಹಿಂದಿನ ಗಾಡಿಗಳನ್ನು ಕಳಚಿಟ್ಟು ಮುಂದಿನವನ್ನು ಮಾತ್ರ ಎಳೆದೊಯ್ಯಲು ನಿಶ್ಚಯಿಸಿದರು. ಕೊಳವೆ ಕಳಚಿದ ಕ್ಷಣವೇ ಹಿಂದಿನ ಗಾಡಿಗಳ ಬ್ರೇಕು ಸತ್ತಿತು. ಉಳಿದದ್ದು ಕೈಬ್ರೇಕು ಮತ್ತು ಚಕ್ರಕ್ಕೆ ಕೊಟ್ಟ ಕಲ್ಲು. ಗಾಡಿಗಳು ಹಿಮ್ಮುಖವಾಗಿ ಇಳಿಜಾರಿನಲ್ಲಿ ಉರುಳಿ, ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದವು. ಸುಮಾರು 80 ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ತಂದು, ಪ್ರಯಾಣಿಕರ ರೈಲುಗಳ ಬ್ರೇಕು ತಾನಾಗಿಯೇ ಹಿಡಿಯುವಂಥದಾಗಿರಬೇಕೆಂದು ವಿಧಿಸಿತು. ಅಂದರೆ ಲೆಕ್ಕವನ್ನೇ ತಿರುವುಮುರುವು ಮಾಡಿದ್ದಾಯಿತು: ನಿರ್ವಾತವಿದ್ದರೆ ಬ್ರೇಕು ಬಿಟ್ಟಿರುತ್ತದೆ, ಅದು ಹೋದರೆ ಬ್ರೇಕು ಬೀಳುತ್ತದೆ. ನಮ್ಮ ದೇಶದ ರೈಲುಗಳಲ್ಲಿಯೂ ಹಲವು ದಶಕಗಳ ಕಾಲ ಇದ್ದದ್ದು ಈ ಬಗೆಯ ಬ್ರೇಕೇ. ಆಗ ಡಬ್ಬಿಯೊಳಗಿನ ಸರಪಳಿಯನ್ನು ಎಳೆದವನು ಮಾಡುತ್ತಿದ್ದುದು ಇಷ್ಟೇ: ಕೊಳವೆಯೊಳಕ್ಕೆ ಒಂದಿಷ್ಟು ಗಾಳಿಯನ್ನು ಬಿಡುವುದು.

ಮೋಟಾರಿನಲ್ಲಿ ನಿರ್ವಾತ ಮೊದಲು ಹೆಸರಾದುದು ಮಳೆಯಲ್ಲಿ ಗಾಜು ಒರೆಸುವುದಕ್ಕೆ. ಆ ವೈಪರುಗಳು ಏರಿನಲ್ಲಿ ತೆವಳುತ್ತಿದ್ದವು, ಇಳಿಜಾರಿನಲ್ಲಿ ಕುಣಿಯುತ್ತಿದ್ದವು. ಮೋಟಾರಿನೊಳಗಿನ ಹವೆಯ ಕಥೆ ಇನ್ನೂ ತಡವಾದದ್ದು. 1940ರಲ್ಲಿ ಪ್ಯಾಕರ್ಡ್ ಕಂಪನಿ ಹವಾನಿಯಂತ್ರಣವಿದ್ದ ಮೋಟಾರನ್ನು ಮಾರಾಟಕ್ಕೆ ತಂದಿತು. ಅದರ ತಂಪಿನ ಯಂತ್ರ ಹಿಂಬದಿಯ ಸಾಮಾನುಗೂಡನ್ನು ಬಹುಮಟ್ಟಿಗೆ ನುಂಗಿತ್ತು. ಛಳಿಗಾಲದಲ್ಲಿ ಅದು ಬೇಡವೆಂದರೆ ಬಂಡಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಬಿಚ್ಚಿಡಬೇಕು! ಇದನ್ನು ಸೌಕರ್ಯವೆನ್ನಲು ಸ್ವಲ್ಪ ಔದಾರ್ಯ ಬೇಕು. 1954ರಲ್ಲಿ ನ್ಯಾಶ್ ಕಂಪನಿ ಬಿಸಿ ತಂಪುಗಳೆರಡನ್ನೂ ಮುಂಭಾಗದಲ್ಲಿಯೇ ಒಟ್ಟುಗೂಡಿಸಿದ ಮೇಲೆ ಹೊಸ ಸಮಸ್ಯೆ ಹುಟ್ಟಿತು. ಒಂದೇ ಪೆಟ್ಟಿಗೆಯಿಂದ ಹೊರಡುವ ಗಾಳಿ ಒಮ್ಮೆ ಕಾಲಿಗೆ, ಒಮ್ಮೆ ಮುಖಕ್ಕೆ, ಒಮ್ಮೆ ಗಾಜಿಗೆ ಹೋಗಬೇಕು. ಅದಕ್ಕೆ ನಾಲ್ಕಾರು ಕದಗಳು. ಆ ಕದಗಳನ್ನು ಎಳೆಯುವವರು ಯಾರು? ಉಕ್ಕಿನ ತಂತಿ ಕಟ್ಟಬಹುದು, ಆದರೆ ಅದು ಬಾಗಿಬಳುಕುವ ಎಡೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಕದಕ್ಕೂ ವಿದ್ಯುತ್ ಮೋಟಾರು ಕೂರಿಸಿದರೆ ಖರ್ಚು. ನಿರ್ವಾತವಾದರೋ ಇಂಜಿನು ಓಡುತ್ತಿರುವ ತನಕ ಪುಕ್ಕಟೆ, ಸದ್ದೂ ಇಲ್ಲ.

ನಮ್ಮ ಅಂಬಾಸಿಡರಿನ ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡಿದ್ದ ಚಪ್ಪಟೆ ತಗಡಿನ ಡಬ್ಬಿಯನ್ನು ನೋಡಿದವರಿಗೆ ಈ ವ್ಯವಸ್ಥೆಯನ್ನು ವಿವರಿಸುವುದು ಸುಲಭ. ಡಬ್ಬಿಯೊಳಗೆ ಡಯಾಫ್ರಂ ಎಂಬ ರಬ್ಬರಿನ ತೆಳುಪೊರೆ. ಅದರ ಒಂದು ಮಗ್ಗುಲಿನ ಗಾಳಿಯನ್ನು ಹೀರಿದರೆ, ಇನ್ನೊಂದು ಮಗ್ಗುಲಿನ ಹೊರಗಾಳಿ ಪೊರೆಯನ್ನು ತಳ್ಳುತ್ತದೆ. ಪೊರೆಗೆ ಕಟ್ಟಿದ ಕಡ್ಡಿ ಕದವನ್ನು ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ಗುಂಡಿ ಯಾವ ಡಬ್ಬಿಗೆ ಸೆಳೆತ ಹೋಗಬೇಕೆಂದು ಹಂಚುತ್ತದೆ. 1964ರಲ್ಲಿ ಕ್ಯಾಡಿಲಾಕ್ ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು, ಬೇಕಾದ ಉಷ್ಣತೆಯನ್ನು ಒಮ್ಮೆ ಗುರುತಿಟ್ಟರೆ ಬಿಸಿ ತಂಪುಗಳನ್ನು ತಾನೇ ಹದ ಮಾಡುವ ಏರ್ಪಾಟನ್ನು ತಂದಿತು. ಅಲ್ಲಿ ಉಷ್ಣತೆಯನ್ನು ಅಳೆಯುವುದು ವಿದ್ಯುತ್ತು. ಕದ ತಿರುಗಿಸುವ ದುಡಿಮೆ ಮಾತ್ರ ನಿರ್ವಾತದ್ದೇ.

ಅರ್ಮಾದ ಪಾಠ ಇಲ್ಲಿ ಮತ್ತೆ ಕಾಣಿಸುತ್ತದೆ. ಸೆಳೆತ ತಪ್ಪಿದರೆ ಕದ ಎಲ್ಲಿ ನಿಲ್ಲಬೇಕು? ಹೆಚ್ಚಿನ ಅಮೆರಿಕನ್ ಬಂಡಿಗಳಲ್ಲಿ ಸ್ಪ್ರಿಂಗು ಅದನ್ನು ಎದುರುಗಾಜಿನ ಕಡೆಗೆ ತಳ್ಳುತ್ತದೆ. ಹಲವು ಬಂಡಿಗಳಲ್ಲಿ ಬಿಸಿನೀರಿನ ವಾಲ್ವೂ ಸೆಳೆತವಿಲ್ಲದಿದ್ದರೆ ತೆರೆದುಕೊಳ್ಳುತ್ತದೆ. ಹಿಮ ಬೀಳುವ ನಾಡಿನಲ್ಲಿ ಗಾಜು ಮಂಜುಗಟ್ಟಿದರೆ ಸಾವು. ಬೆವರಿದರೆ ಯಾರೂ ಸಾಯುವುದಿಲ್ಲ. ಬೇಸಗೆಯ ನಡುಹಗಲಿನಲ್ಲಿ ಬಿಸಿಗಾಳಿ ಗಾಜಿಗೆ ಬಡಿಯುತ್ತಿದ್ದರೆ ಒಡೆಯನಿಗೆ ಅದು ಯಂತ್ರದ ಹುಚ್ಚಾಗಿ ತೋರುವುದು ಸಹಜ. ನಿಜವಾಗಿ ಅದು ಯಂತ್ರದ ವಿವೇಕ.

ರಿಪೇರಿಯವನು ಈ ವಿವೇಕದ ತುದಿ ಹಿಡಿದೇ ಹೊರಡಬೇಕು. ಗಾಳಿ ಏರಿನಲ್ಲಿ ಮಾತ್ರ ದಾರಿ ತಪ್ಪಿದರೆ ಸಂಶಯ ಪಡಬೇಕಾದ್ದು ಚೆಕ್ ವಾಲ್ವನ್ನೂ ನಿರ್ವಾತವನ್ನು ಕೂಡಿಡುವ ತಗಡಿನ ಬುರುಡೆಯನ್ನೂ. ಇಂಜಿನಿನ ಸೆಳೆತ ಇಳಿದ ಗಳಿಗೆಯಲ್ಲಿ ಕೂಡಿಟ್ಟದ್ದು ಸೋರಿ ಹೋಗದಂತೆ ನೋಡಿಕೊಳ್ಳುವುದು ಆ ವಾಲ್ವಿನ ಕೆಲಸ. ಬುರುಡೆ ತುಕ್ಕು ಹಿಡಿದು ತೂತಾಗಿದ್ದರೂ ಫಲ ಅದೇ. ಯಾವಾಗಲೂ ಗಾಜಿಗೇ ಗಾಳಿ ಬಂದರೆ ಮುಖ್ಯ ಕೊಳವೆ ಕಳಚಿದೆ ಅಥವಾ ಸೀಳಿದೆ. ಆಗ ಹೊರಗಾಳಿ ನುಗ್ಗಿ ಇಂಜಿನಿನ ಮಿಶ್ರಣ ತೆಳುವಾಗಿ ನಿಂತಲ್ಲಿ ಕುಂಟುವುದೂ ಉಂಟು. ಒಂದೇ ಕದ ಮಾತು ಕೇಳದಿದ್ದರೆ ತಪ್ಪು ಅದರ ಡಬ್ಬಿಯಲ್ಲಿಯೋ, ಅಲ್ಲಿಗೆ ಹೋಗುವ ಕೊಳವೆಯಲ್ಲಿಯೋ. ಗಡಿಯಾರವಿರುವ ಕೈಪಂಪೊಂದನ್ನು ಡಬ್ಬಿಗೆ ಸಿಕ್ಕಿಸಿ 15 ಅಂಗುಲದಷ್ಟು ಎಳೆದು ಕಾಯಬೇಕು. ಒಂದು ನಿಮಿಷ ಮುಳ್ಳು ಅಲುಗದಿದ್ದರೆ ಪೊರೆ ಗಟ್ಟಿ, ಇಳಿದರೆ ಸೀಳಿದೆ. ಕೊಳವೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಸುಕುತ್ತ ಬಂದರೆ, ಬುಸ್ಸೆನ್ನುವ ಸದ್ದು ಎಲ್ಲಿ ನಿಲ್ಲುತ್ತದೆಯೋ ಅದರಾಚೆಗೆ ಕಳ್ಳನಿದ್ದಾನೆ. ಎಷ್ಟೋ ವೇಳೆ ರಬ್ಬರು ಗಟ್ಟಿಯಾಗಿ ಸಡಿಲಗೊಂಡ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ ಮತ್ತೆ ತೂರಿಸಿದರೆ ತಾತ್ಕಾಲಿಕವಾಗಿ ಕೆಲಸ ನಡೆಯುತ್ತದೆ.

ಬೆಂಗಳೂರಿನಲ್ಲಿ ಇಂಥ ಬಂಡಿ ಇಟ್ಟುಕೊಂಡವರು ಒಂದು ಸಂಗತಿಯನ್ನು ನೆನಪಿಡುವುದು ಒಳ್ಳೆಯದು. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲದಂತೆ ಸೆಳೆತ ಕಡಿಮೆಯಾಗುತ್ತದೆ. ನಮ್ಮದು ಮೂರು ಸಾವಿರ ಅಡಿಯ ಊರು. ಅಮೆರಿಕದ ಕೈಪಿಡಿಯಲ್ಲಿ 18 ಎಂದಿದ್ದು, ಇಲ್ಲಿ ಗಡಿಯಾರ 15 ತೋರಿಸಿದರೆ ಇಂಜಿನನ್ನು ಬಿಚ್ಚಿ ಹಾಕಬೇಕಾಗಿಲ್ಲ.

1980ರ, 90ರ ದಶಕಗಳಲ್ಲಿ ಅಗ್ಗದ ಪುಟ್ಟ ವಿದ್ಯುತ್ ಮೋಟಾರುಗಳೂ ಇಲೆಕ್ಟ್ರಾನಿಕ್ ನಿಯಂತ್ರಣವೂ ಬಂದು, ಹವೆಯ ಕದಗಳು ನಿರ್ವಾತದ ಕೈಯಿಂದ ಕ್ರಮೇಣ ತಪ್ಪಿಹೋದವು. ವೈಪರು ಅದಕ್ಕೂ ಮುಂಚೆಯೇ ಹೋಗಿತ್ತು. ಉಳಿದ ಊಳಿಗವೆಂದರೆ ಬ್ರೇಕಿನದು. ಇಂದಿಗೂ ಅನೇಕ ಪೆಟ್ರೋಲ್ ಬಂಡಿಗಳಲ್ಲಿ ಬ್ರೇಕಿನ ಪೆಡಲಿಗೆ ಬಲ ಕೊಡುವುದು ಇಂಜಿನಿನ ಸೆಳೆತ. ಅಲ್ಲಿಯೂ ಒಂದು ಡಬ್ಬಿ, ಒಂದು ಪೊರೆ, ಒಂದು ಚೆಕ್ ವಾಲ್ವು. ಬಂಡಿ ನಿಲ್ಲಿಸಿ ಇಂಜಿನು ಆರಿಸಿದ ಮೇಲೆ ಆ ಪೆಡಲನ್ನು ನಾಲ್ಕಾರು ಸಲ ತುಳಿದು ನೋಡಿ. ಮೊದಮೊದಲು ಮೆತ್ತಗೆ ಇಳಿಯುತ್ತದೆ. ಆಮೇಲೆ ಕಲ್ಲಿನಂತೆ ಬಿಗಿಯುತ್ತದೆ. ಡಬ್ಬಿಯಲ್ಲಿ ಕೂಡಿಟ್ಟಿದ್ದ ನಿರ್ವಾತ ಅಷ್ಟಕ್ಕೆ ಖರ್ಚಾಗಿರುತ್ತದೆ.